ಗಲಾಯಿ ಅಂಗಡಿಗೆ ಬಂದ ಗಗನಯಾತ್ರಿಯ ಸಹಿ

ಕಂಬಂ (ತೇನಿ ಜಿಲ್ಲೆ, ತಮಿಳುನಾಡು): ಈ ಊರಿನ ಪೇಟೆಯಲ್ಲಿ ಒಂದು ಗಲಾಯಿ ಅಂಗಡಿ ಇದೆ. ಹಳೇ ಬಂಗಾರ ಕರಗಿಸುವ ಮೂಸೆ, ಆಸಿಡ್ಡಿನ ಬಾಟಲಿ, ಒರೆಗಲ್ಲು, ತಕ್ಕಡಿ. ಗೋಡೆಯ ಮೇಲೆ ಪಂಢರಪುರದ ವಿಠ್ಠಲ, ಪಕ್ಕದಲ್ಲೇ ಮುರುಗನ ಕ್ಯಾಲೆಂಡರು. ಇಷ್ಟು ಯಾವ ಗಲಾಯಿ ಅಂಗಡಿಗೆ ಹೋದರೂ ಕಾಣುವುದೇ. ಆದರೆ ಇಲ್ಲಿನ ತಿಜೋರಿಯಲ್ಲಿ ಗಿರಾಕಿಗಳ ಬಂಗಾರದ ಜೊತೆಗೆ ಒಂದು ಪ್ಲಾಸ್ಟಿಕ್ ಫೈಲು ಕೂಡ ಇದೆ. ಅದರೊಳಗೆ ಇರುವುದು ಬಾಹ್ಯಾಕಾಶಕ್ಕೆ ಹೋಗಿ ಬಂದವರ ಸಹಿಗಳು!

ಅಂಗಡಿ ನಮ್ಮ ಸೋದರಮಾವನದು. ಫೈಲು ಅವರ ಮೊಮ್ಮಗಳದು. ಒಂಬತ್ತನೇ ಇಯತ್ತೆ, ತಮಿಳು ಮಾಧ್ಯಮ. ಮನೆಯಲ್ಲಿ ಕನ್ನಡ, ಅಜ್ಜಿಯ ಜೊತೆ ಮರಾಠಿ, ಹೊರಗೆ ತಮಿಳು. 'ಪೇಪರಿನ್ಯಾಗ ನನ್ನ ಹೆಸರು ಹಾಕಬ್ಯಾಡ ಕಾಕಾ, ಸಾಲ್ಯಾಗ ಎಲ್ಲಾರೂ ನಗ್ತಾರ' ಎಂದು ಮೊದಲೇ ಕರಾರು ಮಾಡಿಸಿಕೊಂಡಳು. ಕಂಬಂ ಸಾಲ್ಯಾಗ ಕನ್ನಡ ಪೇಪರ್ ಯಾರು ಓದ್ತಾರ ಎಂದು ಕೇಳಿದರೂ ಒಪ್ಪಲಿಲ್ಲ. ಹೀಗಾಗಿ ಹೆಸರಿಲ್ಲದೇ ಬರೆಯುತ್ತಿದ್ದೇನೆ.

ಜತ್ತದಿಂದ ಕಂಬಂವರೆಗೆ

ಗಲಾಯಿ ಧಂದೆ ಎಂದರೆ ಏನೆಂದು ನಮ್ಮ ಭಾಗದ ಓದುಗರಿಗೆ ಹೇಳಬೇಕಾಗಿಲ್ಲ. ಸಾಂಗಲಿ ಜಿಲ್ಲೆಯ ಖಾನಾಪುರ, ಆಟಪಾಡಿ, ತಾಸಗಾಂವ, ಜತ್ತ ಕಡೆಯ ಎಷ್ಟೋ ಮನೆಗಳ ಗಂಡಸರು ಬರಗಾಲಕ್ಕೆ ಬೇಸತ್ತು ಈ ಕಸುಬು ಹಿಡಿದು ಕೇರಳ, ತಮಿಳುನಾಡಿನ ಪೇಟೆಗಳಿಗೆ ಹೋದವರು. ಅಕ್ಕಸಾಲಿಗರು ತಂದ ಹಳೇ ಬಂಗಾರ ಕರಗಿಸಿ, ಶುದ್ಧ ಮಾಡಿ, ಗಟ್ಟಿ ಮಾಡಿಕೊಡುವುದು ಇವರ ಕೆಲಸ. ನಮ್ಮ ಮಾವ ಕಂಬಂಗೆ ಬಂದು ಮೂವತ್ತು ವರ್ಷದ ಮೇಲಾಯಿತು.

ದಿಂಡಿಗಲ್‌ನಲ್ಲಿ ರೈಲು ಇಳಿದು ವತ್ತಲಗುಂಡು, ತೇನಿ ಮಾರ್ಗವಾಗಿ ಬಸ್ಸಿನಲ್ಲಿ ಬರಬೇಕು. ಬಲಗಡೆ ಪಳನಿ ಬೆಟ್ಟಗಳ ಸಾಲು. ಮುಂದೆ ಕಣಿವೆಯೊಳಗೆ ಬಂದರೆ ಭತ್ತ, ತೆಂಗು, ದ್ರಾಕ್ಷಿ ಚಪ್ಪರ. 1895ರಲ್ಲಿ ಮುಗಿದ ಪೆರಿಯಾರ್ ಅಣೆಕಟ್ಟಿನ ನೀರು ಬೆಟ್ಟ ಕೊರೆದ ಸುರಂಗದಿಂದ ಇಲ್ಲಿಗೆ ಇಳಿದು ಬರುತ್ತದೆ. ಇಲ್ಲಿನ ಪನ್ನೀರು ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ. ದ್ರಾಕ್ಷಿ ಬೆಳೆಯುವ ನಮ್ಮ ತಾಸಗಾಂವ, ಜತ್ತದವರಿಗೆ ಊರಿಗೇ ಬಂದಂತೆ ಅನಿಸಿದರೆ ಅಚ್ಚರಿಯಿಲ್ಲ.

ಇನ್ನೊಂದು ವಿಶೇಷ. ಕಂಬಂ ಕಣಿವೆಯಲ್ಲಿ ಕಪ್ಪಿಲಿಯರ್ ಮುಂತಾದ ಸಮುದಾಯಗಳ ಮನೆಮಾತು ಇಂದಿಗೂ ಕನ್ನಡವೇ. ಇವರ ಹಿರಿಯರು ಬಂದದ್ದು ಶತಮಾನಗಳ ಹಿಂದೆ. ಮಾತು ಉಳಿದಿದೆ, ಬರೆಯುವುದು ತಮಿಳಿನಲ್ಲಿ. ನಮ್ಮ ಮಾವನ ಮನೆಯ ಮಕ್ಕಳದ್ದೂ ಅದೇ ಪರಿಸ್ಥಿತಿ. ಆದರೆ ಮಾವ ಒಂದು ಹಟ ಬಿಟ್ಟಿಲ್ಲ. ಬ್ಯಾಂಕಿನ ಚೆಕ್ಕಿರಲಿ, ಅಂಗಡಿಯ ಬಾಡಿಗೆ ಕರಾರಿರಲಿ, ಅವರ ಸಹಿ ಕನ್ನಡದಲ್ಲೇ. ಮೊಮ್ಮಗಳು ಅದನ್ನು ನೋಡಿ ನೋಡಿ ತನ್ನ ಹೆಸರಿನಷ್ಟು ಕನ್ನಡ ಅಕ್ಷರ ಕಲಿತಿದ್ದಾಳೆ. ಅವಳಿಗೆ ಬರುವ ಕನ್ನಡ ಬರಹ ಅಷ್ಟೇ!

ಶುರುವಾದದ್ದು ಹೀಗೆ

ಎರಡು ವರ್ಷದ ಹಿಂದೆ ಸಾಲಿಯಿಂದ ಕೊಡೈಕೆನಾಲ್‌ಗೆ ಟ್ರಿಪ್ ಹೋಗಿತ್ತು. ದಿಂಡಿಗಲ್ ಜಿಲ್ಲೆಗೆ ಸೇರಿದ ಆ ಬೆಟ್ಟದ ಮೇಲೆ ಸೂರ್ಯನನ್ನು ನೋಡುವ ವೀಕ್ಷಣಾಲಯವಿದೆ. ನೂರು ವರ್ಷಕ್ಕೂ ಮೇಲ್ಪಟ್ಟು ಅಲ್ಲಿ ಸೂರ್ಯನ ಚಿತ್ರ ತೆಗೆಯುತ್ತ ಬಂದಿದ್ದಾರೆ. 1909ರಲ್ಲಿ ಜಾನ್ ಎವರ್‌ಶೆಡ್ ಎಂಬ ವಿಜ್ಞಾನಿ ಸೂರ್ಯನ ಕಲೆಗಳಲ್ಲಿ ಅನಿಲ ಹರಿಯುವುದನ್ನು ಕಂಡುಹಿಡಿದದ್ದು ಅಲ್ಲಿಯೇ. ಈಗ ಅದನ್ನು ನಡೆಸುವುದು ನಮ್ಮ ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ.

ಅದಕ್ಕೂ ಮುಂಚೆ, 2023ರ ಆಗಸ್ಟ್ 23ರ ಸಂಜೆ, ಚಂದ್ರಯಾನ-3 ಇಳಿದದ್ದನ್ನು ಮನೆಮಂದಿಯೆಲ್ಲ ಟಿವಿಯಲ್ಲಿ ನೋಡಿದ್ದರು. ಕೊಡೈಕೆನಾಲ್‌ನಿಂದ ಬಂದ ಮೇಲೆ ಹುಡುಗಿ ಅಜ್ಜನಿಗೆ ಕೇಳಿದ ಪ್ರಶ್ನೆ ಇದು: 'ಚಂದ್ರಯಾನದಾಗ ಮನುಷ್ಯಾರು ಇರಲಿಲ್ಲ. ಖರೇ ಮ್ಯಾಲೆ ಹೋಗಿ ಬಂದವ್ರಿಗೆ ಕಾಗದ ಬರದ್ರ ಉತ್ತರ ಬರ್ತೈತೇನಜ್ಜಾ?'

ಮಾವನಿಗೆ ಏನು ಗೊತ್ತು? 'ಬರದು ನೋಡು, ಹೋದ್ರ ಒಂದು ಟಪಾಲು' ಎಂದರು. ಅಮೆರಿಕದ ನಾಸಾ ಸಂಸ್ಥೆಯ ಗಗನಯಾತ್ರಿಗಳ ಕಚೇರಿ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್‌ನಲ್ಲಿದೆ. ಜಗತ್ತಿನ ಮಕ್ಕಳು, ದೊಡ್ಡವರು ಹತ್ತಾರು ವರ್ಷಗಳಿಂದ ಅಲ್ಲಿಗೆ ಕಾಗದ ಬರೆದು ಸಹಿ ಕೇಳುತ್ತ ಬಂದಿದ್ದಾರೆ. ಸಾಲಿಯ ಇಂಗ್ಲಿಷ್ ಶಿಕ್ಷಕಿ ತಪ್ಪು ತಿದ್ದಿಕೊಟ್ಟರು. ಇವಳ ಜೊತೆಗೆ ಅವಳ ಗೆಳತಿಯೂ ಒಂದು ಕಾಗದ ಬರೆದಳು, ಅದೇ ಗಗನಯಾತ್ರಿಗೆ.

ಎರಡು ಕಂಬಂ, ಒಂದು ಪಿನ್

ಲಕೋಟೆಯ ಮೇಲೆ ಪಿನ್ ಕೋಡ್ 625516 ಎಂದು ದೊಡ್ಡದಾಗಿ ಬರೆಸಿದ್ದು ಮಾವ. ಅದಕ್ಕೆ ಕಾರಣವಿದೆ. ಆಂಧ್ರಪ್ರದೇಶದಲ್ಲೂ ಒಂದು ಕಂಬಂ ಇದೆ! ಮಾವ ಹೊಸದಾಗಿ ಬಂದಾಗ ಊರಿನಿಂದ ನಮ್ಮ ಅಜ್ಜಿ ಬರೆಸಿದ ಕಾಗದದ ಮೇಲೆ ಪಿನ್ ಹಾಕಿರಲಿಲ್ಲ. ಅದು ಆಂಧ್ರ ಸುತ್ತಿ ಇಲ್ಲಿಗೆ ಬರುವಷ್ಟರಲ್ಲಿ ಮದುವೆ ಮುಗಿದು ಹೋಗಿತ್ತಂತೆ. ಮದುವೆ ಇವರ ಸ್ವಂತ ತಂಗಿಯದು. 'ಅವತ್ತಿನಿಂದ ಪಿನ್ ಇಲ್ಲದ ಕಾಗದ ಅಂದ್ರ ಕಣ್ಣಿಲ್ಲದ ಕುದುರಿ ಅಂತೀನಿ' ಎನ್ನುತ್ತಾರೆ.

ಇನ್ನೊಂದು ತೊಡಕು ಮರುಟಪಾಲಿನ ಲಕೋಟೆಯದು. ಅದಕ್ಕೆ ನಮ್ಮ ಅಂಚೆಚೀಟಿ ಹಚ್ಚಿದರೆ ಅಮೆರಿಕದಲ್ಲಿ ನಡೆಯುವುದಿಲ್ಲ. ಇದಕ್ಕಾಗಿಯೇ 1906ರಲ್ಲಿ ರೋಮ್‌ನಲ್ಲಿ ನಡೆದ ಅಂಚೆ ಸಮ್ಮೇಳನದಲ್ಲಿ ಅಂತರರಾಷ್ಟ್ರೀಯ ಉತ್ತರ ಕೂಪನ್ ಎಂಬ ವ್ಯವಸ್ಥೆ ತಂದರು. ಇಲ್ಲಿ ಕೂಪನ್ ಕೊಂಡು ಕಳಿಸಿದರೆ ಅಲ್ಲಿಯವರು ಅದನ್ನು ಕೊಟ್ಟು ಅಂಚೆಚೀಟಿ ಪಡೆಯಬಹುದು. ಆದರೆ ಸಣ್ಣ ಊರಲ್ಲಿ ಅದನ್ನು ಎಲ್ಲಿ ಹುಡುಕುವುದು? ಹುಡುಗಿ ತನ್ನ ವಿಳಾಸ ಬರೆದ ಖಾಲಿ ಲಕೋಟೆ ಒಳಗಿಟ್ಟು, ದೇವರ ಮೇಲೆ ಭಾರ ಹಾಕಿದಳು.

ಒಂದು ತಿಂಗಳಾಯಿತು, ಎರಡಾಯಿತು. ಪೋಸ್ಟಮನ್ ಬಂದರೆ ಸಾಕು ಓಡಿ ಬರುವುದು, ಕರೆಂಟ್ ಬಿಲ್ ನೋಡಿ ಮುಖ ಇಳಿಸಿಕೊಳ್ಳುವುದು. ಐದನೇ ತಿಂಗಳಿಗೆ ಅವಳದೇ ಅಕ್ಷರದ ಲಕೋಟೆ ವಾಪಸ್ ಬಂತು, ಮೇಲೆ ಅಮೆರಿಕದ ಅಂಚೆಚೀಟಿ. ಒಳಗೆ ನೀಲಿ ಉಡುಪಿನ ಗಗನಯಾತ್ರಿಯ ಬಣ್ಣದ ಫೋಟೊ, ಎದೆಯ ಮೇಲೆ ಅಡ್ಡಲಾಗಿ ಕಪ್ಪು ಸಹಿ. ಆ ದಿನ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಪೇಢೆ!

ಒರೆಗೆ ಹಚ್ಚಿದಾಗ

ವಾರದ ನಂತರ ಗೆಳತಿಗೂ ಫೋಟೊ ಬಂತು. ಇಬ್ಬರೂ ಖುಷಿಯಿಂದ ಎರಡನ್ನೂ ತಂದು ಅಜ್ಜನ ಮುಂದಿಟ್ಟರು. ಮಾವನದು ಒರೆ ಹಚ್ಚುವ ಕಣ್ಣು. ಬಂಗಾರ ತಂದವರು ಎಷ್ಟೇ ಆಣೆ ಮಾಡಲಿ, ಕಲ್ಲಿಗೆ ಉಜ್ಜಿ, ಗೆರೆಯ ಮೇಲೆ ಆಸಿಡ್ ಹನಿ ಬಿಟ್ಟು, ಗೆರೆ ನಿಂತರೆ ಮಾತ್ರ ನಂಬುವ ಜನ. ಈಗ ಪೇಟೆಯಲ್ಲಿ ಶುದ್ಧತೆ ನೋಡುವ ಮಷಿನ್ ಬಂದರೂ ಕಣ್ಣಿನ ರೂಢಿ ಹೋಗಿಲ್ಲ. ಎರಡೂ ಫೋಟೊ ಒಂದರ ಮೇಲೊಂದು ಇಟ್ಟು ಬಲ್ಬಿಗೆ ಹಿಡಿದರು. ಸಹಿಯ ಮೇಲೆ ಸಹಿ ಕೂತಿತು. ಒಂದು ಕೂದಲೆಳೆಯಷ್ಟೂ ಆಚೀಚೆ ಇಲ್ಲ!

'ಒಬ್ಬ ಮನುಷ್ಯಾ ಎರಡು ಸಲ ಸಹಿ ಮಾಡಿದ್ರ ಎಲ್ಯರೇ ಫರಕ್ ಬರಬೇಕು. ಇದು ಕೈಲೆ ಮಾಡಿದ್ದಲ್ಲವ್ವಾ' ಎಂದರು ಮಾವ.

ಅವರು ಹೇಳಿದ್ದು ಖರೆ. ಆಟೋಪೆನ್ ಎಂಬ ಯಂತ್ರ ಅಮೆರಿಕದಲ್ಲಿ 1940ರ ದಶಕದಿಂದ ಮಾರಾಟಕ್ಕಿದೆ. ಒಬ್ಬರ ಸಹಿಯ ಅಚ್ಚನ್ನು ಅದಕ್ಕೆ ಕೂಡಿಸಿದರೆ, ಯಂತ್ರದ ತೋಳು ನಿಜವಾದ ಪೆನ್ನು ಹಿಡಿದು ಅದೇ ಸಹಿಯನ್ನು ಎಷ್ಟು ಬೇಕಾದರೂ ಮಾಡುತ್ತದೆ. ಪೆನ್ನು ಖರೆ, ಶಾಯಿ ಖರೆ, ಕೈ ಮಾತ್ರ ಸುಳ್ಳು. ಚಂದ್ರನ ಮೇಲೆ ಹೋಗುವ ಕಾಲದಲ್ಲಿ ಬರುತ್ತಿದ್ದ ಕಾಗದಗಳ ರಾಶಿಗೆ ಗಗನಯಾತ್ರಿಗಳು ಕೂತು ಸಹಿ ಮಾಡಿದ್ದರೆ ತರಬೇತಿಗೆ ಸಮಯವೇ ಸಿಗುತ್ತಿರಲಿಲ್ಲ. ಹೀಗಾಗಿ ನಾಸಾ ಕೂಡ ಆಟೋಪೆನ್ ಇಟ್ಟುಕೊಂಡಿತು. ಗೆರೆ ಎಲ್ಲ ಕಡೆ ಒಂದೇ ದಪ್ಪ ಇರುವುದು, ಶುರು ಮತ್ತು ಕೊನೆಯಲ್ಲಿ ಶಾಯಿಯ ಚುಕ್ಕಿ ನಿಲ್ಲುವುದು, ಒಂದರ ಮೇಲೊಂದು ಕರಾರುವಾಕ್ಕಾಗಿ ಕೂಡುವುದು, ಇವು ಅದರ ಗುರುತುಗಳು.

ಹುಡುಗಿ ರಾತ್ರಿ ಊಟ ಮಾಡಲಿಲ್ಲವಂತೆ. ಫೋಟೊ ಹರಿದು ಹಾಕುತ್ತೇನೆ ಎಂದಳಂತೆ. ಮಾವ ತಡೆದರು: 'ನಮ್ಮ ಅಂಗಡಿ ಕಸಾನೂ ನಾವು ಒಗಿಯೂದಿಲ್ಲ. ಅದರಾಗೂ ಬಂಗಾರದ ಪುಡಿ ಇರ್ತೈತಿ. ನಿನ್ನ ಲಕೋಟಿಗೆ ತಮ್ಮ ಚೀಟಿ ಹಚ್ಚಿ ಹೊಳ್ಳಿ ಕಳಿಸಿದ ಕೈ ಯಾವುದರೇ ಮನುಷ್ಯಾಂದೇ ಅಲ್ಲೇನು?' ಕಸ ಗುಡಿಸಿದ ಧೂಳನ್ನೂ ಕೂಡಿಟ್ಟು ಬಂಗಾರ ತೆಗೆಯುವುದು ಈ ಧಂದೆಯ ಪದ್ಧತಿ ಎಂಬುದು ಬಲ್ಲವರಿಗೆ ಗೊತ್ತು.

ಸಹಿಯೇ ವಿಮೆಯಾದಾಗ

ಗಗನಯಾತ್ರಿಯ ಸಹಿಗೆ ಬೆಲೆ ಇದೆ ಎಂಬುದು ಅವರಿಗೇ ಮೊದಲು ಗೊತ್ತಿತ್ತು. 1969ರ ಜುಲೈ 16ರಂದು ಅಪೊಲೊ-11ರಲ್ಲಿ ಹೊರಟ ನೀಲ್ ಆರ್ಮ್‌ಸ್ಟ್ರಾಂಗ್, ಬಜ್ ಆಲ್ಡ್ರಿನ್, ಮೈಕಲ್ ಕಾಲಿನ್ಸ್ ಹೋಗುವ ಮುಂಚೆ ರಾಶಿ ಲಕೋಟೆಗಳಿಗೆ ಸಹಿ ಮಾಡಿಟ್ಟರು. ಚಂದ್ರನ ಮೇಲೆ ಹೋಗುವವರಿಗೆ ಸಾಕಷ್ಟು ಜೀವವಿಮೆ ಮಾಡಿಸುವುದೆಂದರೆ ಕೈಗೆಟುಕದ ಖರ್ಚು. ತಿರುಗಿ ಬರದಿದ್ದರೆ ಆ ಲಕೋಟೆ ಮಾರಿ ಹೆಂಡತಿ ಮಕ್ಕಳು ಬದುಕಲಿ ಎಂಬ ಲೆಕ್ಕ. ಸಂಗ್ರಾಹಕರು ಇಂದಿಗೂ ಅವನ್ನು 'ವಿಮೆ ಲಕೋಟೆ' ಎಂದೇ ಕರೆಯುತ್ತಾರೆ. ಪುಣ್ಯಕ್ಕೆ ಮೂವರೂ ಬಂದರು, ಅದೇ ವರ್ಷದ ಅಕ್ಟೋಬರಿನಲ್ಲಿ ಮುಂಬೈಗೂ ಬಂದು ಹೋದರು. ಆಗ ಗಿರಣಿಯಲ್ಲಿ ದುಡಿಯುತ್ತಿದ್ದ ನಮ್ಮ ಕಡೆಯ ಹಿರಿಯರಿಗೆ ನೆನಪಿದ್ದೀತು.

ದುಡ್ಡಿನ ಆಸೆ ಕೆಟ್ಟದ್ದನ್ನೂ ಮಾಡಿಸಿದೆ. 1971ರಲ್ಲಿ ಅಪೊಲೊ-15ರ ಮೂವರು ಅನುಮತಿ ಇಲ್ಲದ 398 ಲಕೋಟೆಗಳನ್ನು ಚಂದ್ರನ ತನಕ ಒಯ್ದರು. ಅವುಗಳಲ್ಲಿ ನೂರು ಜರ್ಮನಿಯ ಅಂಚೆಚೀಟಿ ವ್ಯಾಪಾರಿಯ ಕೈಸೇರಿದವು. 1972ರಲ್ಲಿ ವಿಷಯ ಬಯಲಾಗಿ ಮೂವರಿಗೂ ಛೀಮಾರಿ. ಮತ್ತೆ ಅವರು ಬಾಹ್ಯಾಕಾಶಕ್ಕೆ ಹೋಗಲಿಲ್ಲ. ಕೇಳಿದವರಿಗೆ ಬಹಳ ವರ್ಷ ಸಹಿ ಹಾಕಿಕೊಡುತ್ತಿದ್ದ ಆರ್ಮ್‌ಸ್ಟ್ರಾಂಗ್ ಕೂಡ, ಜನ ಅದನ್ನು ಮಾರುತ್ತಾರೆಂದು ತಿಳಿದು 1994ರ ಸುಮಾರಿಗೆ ಸಹಿ ಹಾಕುವುದನ್ನೇ ನಿಲ್ಲಿಸಿಬಿಟ್ಟರು. ಮಾರುವವರ ತಪ್ಪಿಗೆ ಮಕ್ಕಳೂ ದಂಡ ತೆತ್ತಂತಾಯಿತು.

'ಹೆಸರಿದ್ದರೆ ರೇಟು ಕಡಿಮೆ'

ಹುಡುಗಿ ಹಟ ಬಿಡಲಿಲ್ಲ. ಈ ಸಲ ಕೆಲಸದಲ್ಲಿದ್ದವರನ್ನು ಬಿಟ್ಟು ನಿವೃತ್ತರಾದ ಒಬ್ಬರಿಗೆ ಬರೆದಳು. ಬರೀ ಸಹಿ ಕೇಳಲಿಲ್ಲ, ಒಂದು ಪ್ರಶ್ನೆಯನ್ನೂ ಕೇಳಿದಳು: ಭಾರವೇ ಇಲ್ಲದ ಕಡೆ ಪೆನ್ನಿನಿಂದ ಶಾಯಿ ಹೇಗೆ ಇಳಿಯುತ್ತದೆ?

ಮೂರು ತಿಂಗಳಿಗೆ ಉತ್ತರ ಬಂತು. ಫೋಟೊದ ಮೇಲೆ ನೀಲಿ ಬಾಲ್‌ಪೆನ್ನಿನ ಸಹಿ, ಮೇಲ್ಗಡೆ ಅವಳ ಹೆಸರು, ಕೆಳಗೆ ಒಂದು ಸಾಲು. ಸಾದಾ ಬಾಲ್‌ಪೆನ್ನೂ ಅಲ್ಲಿ ಬರೆಯುತ್ತದೆ, ತಾವೇ ಬರೆದು ನೋಡಿದ್ದೇವೆ ಎಂದು. (ಬಾಹ್ಯಾಕಾಶಕ್ಕೆಂದೇ ಮಾಡಿದ ಫಿಶರ್ ಕಂಪನಿಯ ಪೆನ್ನು 1968ರಿಂದ ಬಳಕೆಯಲ್ಲಿದೆ. ಆದರೆ ಸ್ಪೇನ್‌ನ ಗಗನಯಾತ್ರಿ ಪೆಡ್ರೊ ಡ್ಯೂಕ್ 2003ರಲ್ಲಿ ಸಾದಾ ಬಾಲ್‌ಪೆನ್ನಿನಿಂದಲೂ ಬರೆದು ತೋರಿಸಿದ್ದರು.) ಅವಳ ಹೆಸರಿನ ಇಂಗ್ಲಿಷ್ ಸ್ಪೆಲಿಂಗಿನಲ್ಲಿ ಒಂದು ಅಕ್ಷರ ತಪ್ಪಿ, ಹೊಡೆದು, ಮೇಲೆ ತಿದ್ದಿದ್ದರು. ಮಾವ ಕನ್ನಡಕ ಏರಿಸಿ ನೋಡಿ ಹೇಳಿದರು: 'ಇದು ಬಾವನ್ನಕಸಿ. ಮಷಿನ್ ತಪ್ಪಂಗಿಲ್ಲ, ತಪ್ಪಿದ್ರ ತಿದ್ದಂಗಿಲ್ಲ.'

ಸುದ್ದಿ ಹಬ್ಬಿ ಮದುರೈ ಕಡೆಯ ಒಬ್ಬ ಸಂಗ್ರಾಹಕರು ಅಂಗಡಿಗೆ ಬಂದರು. ಮೂರು ಸಾವಿರ ಕೊಡುವುದಾಗಿ ಹೇಳಿದರು. 'ಹುಡುಗಿ ಹೆಸರು ಬರೆಯದೇ ಇದ್ದಿದ್ದರೆ ಎಂಟು ಸಾವಿರಕ್ಕೆ ತಗೋತಿದ್ದೆ. ಹೆಸರಿದ್ದರೆ ರೇಟು ಕಡಿಮೆ' ಎಂದರು. ಅವರು ಮೋಸದ ಮಾತಾಡಲಿಲ್ಲ. ಜಗತ್ತಿನಾದ್ಯಂತ ಈ ಪೇಟೆಯ ನಿಯಮವೇ ಹಾಗೆ. ಬೇರೆಯವರ ಹೆಸರಿರುವ ಫೋಟೊವನ್ನು ಗೋಡೆಗೆ ಹಾಕಲು ಯಾರಿಗೆ ಮನಸ್ಸಾದೀತು?

ಮಾವ ಮೊಮ್ಮಗಳ ಮುಖ ನೋಡಿದರು. ಮೂರು ಸಾವಿರ ಎಂದರೆ ಅವಳಿಗೆ ಒಂದು ಸೈಕಲ್ಲಿನ ಅರ್ಧ ರೊಕ್ಕ. ಅವಳು ಒಳಗೆ ಹೋಗಿ ಬಂದವರಿಗೆ ಚಹಾ ತಂದಿಟ್ಟಳು, ಫೋಟೊ ತೆಗೆದುಕೊಂಡು ತಿಜೋರಿಯಲ್ಲಿಟ್ಟಳು. ಅಲ್ಲಿಗೆ ವ್ಯವಹಾರ ಮುಗಿಯಿತು.

ಟಪಾಲಿಗೆ ಬೀಳದ ಕಾಗದ

ಇದನ್ನೆಲ್ಲ ಕೇಳುವಾಗ ನನಗೆ ನನ್ನದೇ ಒಂದು ಕಾಗದ ನೆನಪಾಯಿತು. 2003ರ ಜನವರಿ. ನಾನೂ ಒಂಬತ್ತನೇ ಇಯತ್ತೆ. ಜನವರಿ 16ರಂದು ಕಲ್ಪನಾ ಚಾವ್ಲಾ ಎರಡನೇ ಸಲ ಕೊಲಂಬಿಯಾ ನೌಕೆಯಲ್ಲಿ ಹೋಗಿದ್ದರು. ಡಿಕ್ಷನರಿ ಇಟ್ಟುಕೊಂಡು ಇಂಗ್ಲಿಷಿನಲ್ಲಿ ಒಂದು ಪುಟ ಬರೆದೆ. ಅವರು ಇಳಿದ ಮೇಲೆ ಸೋಮವಾರ ಪೋಸ್ಟಿಗೆ ಹಾಕುವುದೆಂದು ಇಟ್ಟಿದ್ದೆ. ಫೆಬ್ರವರಿ 1, ಶನಿವಾರ. ನಮ್ಮಲ್ಲಿ ಸಂಜೆ ಏಳೂವರೆಯ ಸುಮಾರಿಗೆ ಟೆಕ್ಸಾಸ್‌ನ ಆಕಾಶದಲ್ಲಿ ನೌಕೆ ಒಡೆದು ಏಳೂ ಜನ ಹೋದರು. ಪಕ್ಕದ ಮನೆಯ ಟಿವಿ ಮುಂದೆ ಓಣಿಯೇ ಕೂಡಿತ್ತು. ಅಂಚೆಚೀಟಿ ಹಚ್ಚಿದ ಲಕೋಟೆ ನನ್ನ ಪಾಟಿಚೀಲದಲ್ಲಿತ್ತು.

ನಾಲ್ಕು ದಿನಕ್ಕೆ ಇಸ್ರೋ ತನ್ನ ಹವಾಮಾನ ಉಪಗ್ರಹ ಮೆಟ್‌ಸ್ಯಾಟ್‌ಗೆ ಕಲ್ಪನಾ-1 ಎಂದು ಹೆಸರಿಟ್ಟಿತು. ಮರುವರ್ಷ ಕರ್ನಾಟಕ ಸರ್ಕಾರ ಯುವ ಮಹಿಳಾ ವಿಜ್ಞಾನಿಗಳಿಗೆ ಅವರ ಹೆಸರಲ್ಲಿ ಪ್ರಶಸ್ತಿ ಸ್ಥಾಪಿಸಿತು. ನನ್ನ ಲಕೋಟೆ ಬಿ.ಕಾಂ. ಸರ್ಟಿಫಿಕೇಟುಗಳ ಜೊತೆ ಹಾಗೇ ಇದೆ. 'ಈಗ ಅದನ್ನ ಯಾವ ಅಡ್ರೆಸ್ಸಿಗೆ ಹಾಕ್ತಿ ಕಾಕಾ?' ಎಂದು ಹುಡುಗಿ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮಕ್ಕಳೇ, ಬರೆದ ಕಾಗದ ಆ ದಿನವೇ ಪೋಸ್ಟಿಗೆ ಹಾಕಿ. ಇಷ್ಟೇ ಹೇಳಬಲ್ಲೆ.

ಬೆಂಗಳೂರಿಗೆ ಹೋದ ಕಾಗದ

ನಮ್ಮ ದೇಶದಲ್ಲಿ ಸಹಿ ಕೇಳಬೇಕೆಂದರೆ ಬಹಳ ವರ್ಷ ಇದ್ದದ್ದು ಒಂದೇ ಹೆಸರು. 1984ರ ಏಪ್ರಿಲ್ 3ರಂದು ಸೋವಿಯತ್ ನೌಕೆಯಲ್ಲಿ ಹೋದ ರಾಕೇಶ್ ಶರ್ಮಾ. ಅವರು ಒಯ್ದ ರವೆ ಹಲ್ವಾ, ಪಲಾವ್ ತಯಾರಾದದ್ದು ನಮ್ಮ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದಲ್ಲಿ. ಆ ಯಾತ್ರೆಗೆ ಅಂಚೆ ಇಲಾಖೆ 3 ರೂಪಾಯಿಯ ಚೀಟಿ ಹೊರಡಿಸಿತ್ತು. ಇಸ್ರೋದ ಎನ್.ಸಿ. ಭಟ್ ಮತ್ತು ಪಿ. ರಾಧಾಕೃಷ್ಣನ್ ಅಮೆರಿಕದ ನೌಕೆಯ ಪ್ರಯಾಣಕ್ಕೆ ಆಯ್ಕೆಯಾಗಿದ್ದರು. 1986ರ ಜನವರಿ 28ರ ಚಾಲೆಂಜರ್ ದುರಂತದಿಂದ ಆ ಯಾತ್ರೆ ನಡೆಯಲೇ ಇಲ್ಲ. ಕೊನೆಗೆ 41 ವರ್ಷದ ಮೇಲೆ, 2025ರ ಜೂನ್ 25ರಂದು ಶುಭಾಂಶು ಶುಕ್ಲಾ ಹೊರಟರು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದ ಮೊದಲ ಭಾರತೀಯ ಎನಿಸಿ ಜುಲೈ 15ಕ್ಕೆ ಇಳಿದರು.

ಹುಡುಗಿಯ ಈಚಿನ ಕಾಗದ ಅವರಿಗೇ. ಬೆಂಗಳೂರಿನ ನ್ಯೂ ಬಿಇಎಲ್ ರಸ್ತೆಯ ಅಂತರಿಕ್ಷ ಭವನದ ವಿಳಾಸಕ್ಕೆ ಹೋಗಿದೆ. ಈ ಸಲ ಮರುಟಪಾಲಿನ ಲಕೋಟೆಗೆ ನಮ್ಮದೇ ಚೀಟಿ ನಡೆಯುತ್ತದೆ ಎಂಬುದೇ ಒಂದು ಸಂಭ್ರಮ.

ಬರೆಯಬೇಕೆನ್ನುವ ಬೇರೆ ಮಕ್ಕಳಿಗೆ ಅವಳು ಹೇಳುವುದು ಇಷ್ಟು. ಕಾಗದ ಒಂದು ಪುಟ ದಾಟಬಾರದು. ನೀವು ಯಾರು, ಯಾವ ಊರು ಎಂದು ತಿಳಿಸಬೇಕು. ಅವರು ಮಾಡಿದ ಕೆಲಸದ ಬಗ್ಗೆ ಓದಿಕೊಂಡು ಒಂದು ಪ್ರಶ್ನೆ ಕೇಳಬೇಕು. ಒಂದೇ ಸಹಿ ಕೇಳಬೇಕು. ನಿಮ್ಮ ಹೆಸರು ಬರೆದುಕೊಡಿ ಎಂದು ಮರೆಯದೇ ಕೇಳಬೇಕು. ಪಿನ್ ಕೋಡ್ ಬರೆಯಬೇಕು. ಆಮೇಲೆ ಕಾಯಬೇಕು.

ಬೆಂಗಳೂರಿಗೆ ಹೋದ ಕಾಗದದ ನಕಲು ನೋಡಿದೆ. ಇಂಗ್ಲಿಷಿನಲ್ಲಿ ಹತ್ತು ಸಾಲು. ಕೊನೆಗೆ ಸಹಿ ಮಾತ್ರ ಕನ್ನಡದಲ್ಲಿ, ಅಜ್ಜನ ಸಹಿಯ ಹಾಗೇ ಬಲಕ್ಕೆ ಏರಿದ ಅಕ್ಷರ. 'ಅವ್ರು ಲಖನೌದವ್ರು. ಅವ್ರಿಗೆ ಕನ್ನಡ ಓದಾಕ ಬರ್ತೈತೇನು?' ಎಂದು ಕೇಳಿದೆ.

'ಓದಾಕಲ್ಲ ಕಾಕಾ. ಸಹಿ ಯಾರೂ ಓದೂದಿಲ್ಲ, ಗುರುತು ಹಿಡೀತಾರ' ಎಂದಳು.

ಈ ವರದಿ ಕಳಿಸುವ ಹೊತ್ತಿಗೆ ಉತ್ತರ ಬಂದಿಲ್ಲ. ಕಂಬಂ ಪೇಟೆಗೆ ಪೋಸ್ಟಮನ್ ಬರುವುದು ಹನ್ನೊಂದರ ಮೇಲೆ. ಆ ಹೊತ್ತಿಗೆ ಹುಡುಗಿ ಸಾಲಿಯಲ್ಲಿರುತ್ತಾಳೆ. ಹೀಗಾಗಿ ಈಗ ಅಂಗಡಿಯ ಬಾಗಿಲಿಗೆ ಬಂದು ದಾರಿ ನೋಡುವವರು ನಮ್ಮ ಮಾವ.